‘ಬಾಡಿಗಿ ಮನಿ ಕಟ್ಟಿಸಿದ್ರ ಕುಂತು ಉಣ್ಣಬಹುದಲ್ರಿ?’

ನಿವೃತ್ತಿ ಹತ್ತಿರ ಬಂದವರು, ಗ್ರಾಚ್ಯುಟಿ ಕೈಗೆ ಬಂದವರು, ಊರಲ್ಲಿ ಹೊಲ ಮಾರಿ ಹುಬ್ಬಳ್ಳಿಯಲ್ಲಿ ಜಾಗ ತಗೊಂಡವರು, ಎಲ್ಲರೂ ನನ್ನನ್ನು ಕೇಳುವುದು ಇದೊಂದೇ. ನವನಗರದಲ್ಲಿ ನಮ್ಮವು ಮೂರು ಬಾಡಿಗೆ ಮನೆಗಳಿವೆ. ಯಜಮಾನರು ಹೋದ ಮೇಲೆ ಹದಿನಾಲ್ಕು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ನನ್ನ ಉತ್ತರ ಇಷ್ಟೇ: ಉಣ್ಣಬಹುದ್ರಿ, ಆದ್ರ ಕುಂತಲ್ಲ.

ಅವರಿಗೆ ನಾನು ತಿರುಗಿ ಕೇಳುವ ಮೊದಲ ಮಾತು, ನಿಮ್ಮ ನೀರಿನ ಟಾಕಿ ಎಷ್ಟು ದೊಡ್ಡದು? ಬಹಳ ಮಂದಿ ಹಾಲಿನ ಟೈಲ್ಸ್ ಬಗ್ಗೆ ಹೇಳುತ್ತಾರೆ, ಅಡುಗೆಮನೆಯ ಗ್ರಾನೈಟ್ ಬಗ್ಗೆ ಹೇಳುತ್ತಾರೆ. ಟಾಕಿಯ ಅಳತೆ ಕೇಳಿದರೆ ಸುಮ್ಮನಾಗುತ್ತಾರೆ.

ನಮ್ಮ ಮೂರೂ ಮನೆ ಸೇರಿ ಹನ್ನೆರಡು ಮಂದಿ. ತಲೆಗೆ ದಿನಕ್ಕೆ 100 ಲೀಟರ್ ಹಿಡಿದರೂ 1,200 ಲೀಟರ್ ಬೇಕು. ಸವದತ್ತಿ ಕಡೆಯಿಂದ ಮಲಪ್ರಭೆಯ ನೀರು ನಮ್ಮ ಓಣಿಗೆ ಬಂದು ಮುಟ್ಟುವುದು ಐದಾರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ನೆಲದೊಳಗಿನ ಟಾಕಿ 6,000 ಲೀಟರಿನದು. ಐದನೆಯ ದಿನ ರಾತ್ರಿಗೆ ಲೆಕ್ಕ ಮುಗಿಯುತ್ತದೆ, ಆರನೆಯ ದಿನ ಬೆಳಿಗ್ಗೆ ನನ್ನ ಬಾಗಿಲು ಬಡಿಯುತ್ತಿತ್ತು.

ಮೊದಲು ಮಾಳಿಗೆ ಮೇಲೆ ಮೂರೂ ಮನೆಗೆ ಸೇರಿ ಒಂದೇ ದೊಡ್ಡ ಟಾಕಿ ಇತ್ತು. ‘ಮ್ಯಾಲಿನವ್ರು ದಿನಾ ವಾಷಿಂಗ್ ಮಷೀನ್ ಹಾಕ್ತಾರ್ರಿ ಅಮ್ಮಾರ, ನಮ್ಮ ಕೂಸಿಗೆ ಎರಿಯಾಕ ನೀರಿಲ್ಲ’ ಎಂದು ಕೆಳಗಿನವರು. ‘ಅವರ ಬಚ್ಚಲದ ನಳ ಇಡೀ ರಾತ್ರಿ ಸೋರತೈತಿ, ಅದನ್ನ ಕೇಳ್ರಿ ಮೊದ್ಲ’ ಎಂದು ಮೇಲಿನವರು. ಇಬ್ಬರನ್ನೂ ಕೂರಿಸಿ ಚಹಾ ಕೊಟ್ಟು ಹೇಳಿ ನೋಡಿದೆ. ಒಂದು ವಾರ ಸುಮ್ಮನಿದ್ದರು, ಅಷ್ಟೇ. ಕೊನೆಗೆ ಆ ಟಾಕಿ ತೆಗೆಸಿ 1,000 ಲೀಟರಿನ ಮೂರು ಸಿಂಟೆಕ್ಸ್ ಕೂರಿಸಿದೆ. ಮನೆಗೊಂದು ಪೈಪು, ಮನೆಗೊಂದು ವಾಲ್ವ್. ಒಂದು ಮನೆಯ ಮೂರು ತಿಂಗಳ ಬಾಡಿಗೆಯಷ್ಟು ಖರ್ಚಾಯಿತು. ತಮ್ಮ ಟಾಕಿ ಎಷ್ಟು ಇಳಿದಿದೆ ಎಂದು ತಾವೇ ಮೇಲೆ ಹತ್ತಿ ನೋಡತೊಡಗಿದರು. ಯಾರೂ ಹೇಳದಿದ್ದರೂ ಮಷೀನು ದಿನ ಬಿಟ್ಟು ದಿನ ತಿರುಗಿತು, ಬಚ್ಚಲದ ನಳಕ್ಕೆ ವಾಷರ್ ಬಿತ್ತು. ಆಮೇಲೆ ನೀರಿನ ಜಗಳ ನನ್ನ ಬಾಗಿಲಿಗೆ ಬಂದಿಲ್ಲ. ರಾತ್ರಿ ಎರಡಕ್ಕೆ ‘ನಳಾ ಬಂದಾವ್ರೀ’ ಎಂಬ ಕೂಗು ಕೇಳಿ ಎದ್ದು ಮೋಟರ್ ಹಚ್ಚುವುದು ಮಾತ್ರ ಈಗಲೂ ನಾನೇ.

ಇನ್ನೊಂದು, ಕರೆಂಟಿನ ಮೀಟರ್ ಬೇರೆ ಬೇರೆ ಇರಲಿ. 2023ರಲ್ಲಿ ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಂದ ಮೇಲಂತೂ ಇದನ್ನು ಒತ್ತಿ ಹೇಳುತ್ತೇನೆ. 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಮೂರು ಸಂಸಾರ ಒಂದೇ ಮೀಟರಿನಲ್ಲಿದ್ದರೆ ದಾಟದೆ ಇರುವುದುಂಟೇ? ಬಡವರ ಮನೆಗೆ ಬರಬೇಕಾದದ್ದು ನಮ್ಮ ವೈರಿಂಗಿನಿಂದ ತಪ್ಪಬಾರದು. ಬಾಡಿಗೆಗೆ ಇದ್ದವರು ಮನೆ ಬಿಡುವಾಗ ಅವರ ಆಧಾರ್ ನಮ್ಮ ಆರ್.ಆರ್. ನಂಬರಿನಿಂದ, ಅಂದರೆ ಬಿಲ್ಲಿನ ಮೇಲಿರುವ ಕರೆಂಟ್ ಸಂಪರ್ಕದ ನಂಬರಿನಿಂದ, ತೆಗೆಸುವುದೂ ಇದೆ. ಇಲ್ಲದಿದ್ದರೆ ಹೊಸದಾಗಿ ಬಂದವರಿಗೆ ತಾಪತ್ರಯ. ಅದಾದ ಮೇಲೆಯೇ ನಾನು ಡಿಪಾಸಿಟ್ ಎಣಿಸಿ ಕೊಡುವುದು.

‘ವರ್ಷಾ ಬಾಡಿಗಿ ಏರಸ್ತೀರೇನು?’ ಎಂದೂ ಕೇಳುತ್ತಾರೆ. ಒಂದು ವರ್ಷ ಮೀರಿದ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಬೇಕು, ಅದಕ್ಕೇ ಎಲ್ಲರ ಹಾಗೆ ನನ್ನದೂ 11 ತಿಂಗಳಿನದು. ಅದರಲ್ಲಿ ಶೇಕಡಾ 5 ಏರಿಕೆ ಎಂದು ಬರೆದಿರುತ್ತದೆ. ಒಳ್ಳೆಯವರಿದ್ದರೆ ನಾನು ಏರಿಸುವುದಿಲ್ಲ. ಇದು ದಾನವಲ್ಲ. 8,000 ರೂಪಾಯಿ ಬಾಡಿಗೆಗೆ ಶೇಕಡಾ 5 ಎಂದರೆ ತಿಂಗಳಿಗೆ 400, ವರ್ಷಕ್ಕೆ 4,800. ಆ 400ಕ್ಕೆ ಬೇಸತ್ತು ಅವರು ಎದ್ದುಹೋಗಿ ಮನೆ ಒಂದೇ ತಿಂಗಳು ಖಾಲಿ ಬಿದ್ದರೂ 8,000 ಹೋಯಿತು. ಬಣ್ಣದ ಖರ್ಚು ಬೇರೆ.

ಈಗ ಮೂರರಲ್ಲಿ ಹಿಂಬದಿಯ ಸಣ್ಣ ಮನೆಯ ವಿಷಯ. ಕ್ಯಾನ್ಸರ್ ಆಸ್ಪತ್ರೆ ನವನಗರದಲ್ಲೇ ಇರುವುದರಿಂದ ಗದಗ, ಹಾವೇರಿ, ಕೊಪ್ಪಳ ಕಡೆಯವರು ಎರಡು ತಿಂಗಳ ಮಟ್ಟಿಗೆ ಮನೆ ಕೇಳಿಕೊಂಡು ಬರುತ್ತಾರೆ. ರೇಡಿಯೇಶನ್ ಎಂದರೆ ವಾರದಲ್ಲಿ ಐದು ದಿನ, ಹೀಗೆ ಎಷ್ಟೋ ವಾರ. ದಿನಾ ರೋಣದಿಂದಲೋ ಹಿರೇಕೆರೂರಿನಿಂದಲೋ ಓಡಾಡಲು ಆ ಮೈಯಲ್ಲಿ ಶಕ್ತಿ ಎಲ್ಲಿರುತ್ತದೆ? ‘ಹಂಗ ಬಂದು ಹೋಗೋರಿಗೆ ಕೊಡಬ್ಯಾಡ್ರಿ, ಮನಿ ಹಾಳಾಗ್ತೈತಿ’ ಎಂದು ಓಣಿಯವರು ಎಚ್ಚರಿಸಿದ್ದರು. ನಾನು ಕೊಟ್ಟೆ. ಕಷ್ಟಗಳು ಬೇರೆಯೇ ಇದ್ದವು. ಕೂತು ಏಳಲಾಗದವರಿಗೆ ನಮ್ಮ ಹಳೆಯ ಪಾಯಖಾನೆ ಆಗಲಿಲ್ಲ. ಗೌಂಡಿಯನ್ನು ಕರೆಸಿ ಕಮೋಡ್ ಹಾಕಿಸಿದೆ, ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು ಹಾಕಿಸಿದೆ. ಎರಡು ತಿಂಗಳೆಂದವರು ಐದು ತಿಂಗಳಿರುತ್ತಾರೆ, ಕೆಲವರು ಹದಿನೈದೇ ದಿನಕ್ಕೆ ಚಾವಿ ಕೊಟ್ಟು ಹೋಗುತ್ತಾರೆ. ಆಗ ನಾನು ಏನೂ ಕೇಳುವುದಿಲ್ಲ. ಮುಂದಿನವರಿಗೆ ತಾರೀಖು ಹೇಳಲಾಗುವುದಿಲ್ಲ, ವರ್ಷದಲ್ಲಿ ಮೂರು ನಾಲ್ಕು ತಿಂಗಳು ಆ ಮನೆ ಖಾಲಿಯೇ. ಲೆಕ್ಕದಲ್ಲಿ ಅದು ನಷ್ಟದ ಮನೆ. ಉಳಿದೆರಡು ಮನೆಗಳ ಬಾಡಿಗೆ ಸರಿಯಾಗಿ ಬರುವತನಕ ಅದನ್ನು ಹೀಗೇ ಇಟ್ಟುಕೊಳ್ಳುತ್ತೇನೆ.

ಮೊನ್ನೆ ಮುಂಡರಗಿ ಕಡೆಯ ಹುಡುಗನೊಬ್ಬ ತಾಯಿಯನ್ನು ಕರೆದುಕೊಂಡು ಬಂದಿದ್ದ. ‘ಎಷ್ಟು ದಿನಾ ಇರ್ತೀವೋ ಗೊತ್ತಿಲ್ರಿ ಅಮ್ಮಾರ’ ಎಂದ. ಒಂದು ತಿಂಗಳ ಬಾಡಿಗೆ ತಗೊಂಡು ಚಾವಿ ಕೊಟ್ಟೆ. ‘ತಮ್ಮಾ, ಮ್ಯಾಲೆ ಹತ್ತಿ ನಿಮ್ಮ ಟಾಕಿ ಒಂದ್ಸಲ ನೋಡಿ ಬಾ. ನಳಾ ಬರಾಕ ಇನ್ನೂ ಮೂರು ದಿನಾ ಐತಿ.’