ಸವದತ್ತಿಯ ಕಲ್ಲಿನಿಂದ ಕಾರವಾರದ ದಂಡೆಗೆ

ಬನದ ಹುಣ್ಣಿಮೆಯ ದಿನ ನಸುಕಿನಲ್ಲೇ ನಾನು ಮತ್ತು ಹನ್ನೆರಡು ವರ್ಷದ ಅಕ್ಕನ ಮಗ ಬಾಗಲಕೋಟೆಯ ನವನಗರದಿಂದ ಹೊರಟೆವು. ಅವನು ಅಲ್ಲಿಯವರೆಗೆ ಸಮುದ್ರವನ್ನು ಕಂಡಿರಲಿಲ್ಲ. ಕಾರವಾರಕ್ಕೆ ಹತ್ತಿರದ ದಾರಿ ಬೇರೆ ಇದ್ದರೂ ನಾನು ಬೇಕೆಂದೇ ಸವದತ್ತಿಯ ಕಡೆಗೆ ಗಾಡಿ ತಿರುಗಿಸಿದೆ. ಈಗಿನ ಕಡಲನ್ನು ನೋಡುವ ಮೊದಲು ನಮ್ಮ ಸೀಮೆಯಲ್ಲೇ ಕಲ್ಲಾಗಿ ಉಳಿದಿರುವ ಹಳೆಯ ಕಡಲನ್ನು ಅವನು ನೋಡಲಿ ಎಂಬುದು ನನ್ನ ಆಸೆಯಾಗಿತ್ತು. ದಾರಿಯುದ್ದಕ್ಕೂ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು, ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು.

ನವಿಲುತೀರ್ಥದ ಬಳಿ ಮಲಪ್ರಭೆಯು ಗುಡ್ಡದ ಸಾಲನ್ನೇ ಸೀಳಿಕೊಂಡು ಹರಿದಿದೆ. ಆ ಗುಡ್ಡದ ಕಲ್ಲು ಕ್ವಾರ್ಟ್ಸೈಟ್, ಅಂದರೆ ಒಂದು ಕಾಲಕ್ಕೆ ಸಡಿಲ ಉಸುಕಾಗಿದ್ದ ಬೆಣಚಿನ ಕಣಗಳು ಮೇಲಿನ ಪದರುಗಳ ಭಾರಕ್ಕೆ ಒತ್ತಿಕೊಂಡು, ಒಂದಕ್ಕೊಂದು ಬೆಸೆದು ಗಟ್ಟಿಯಾದದ್ದು. 1876ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ವಿವರವಾಗಿ ಬರೆದ, ಕಲಾದಗಿಯ ಹೆಸರನ್ನೇ ಹೊತ್ತಿರುವ ಈ ಶಿಲಾಸಮೂಹವು ನೂರು ಕೋಟಿ ವರ್ಷಗಳಿಗಿಂತಲೂ ಹಳೆಯದು. ಆಗ ಮೀನಿರಲಿಲ್ಲ, ಚಿಪ್ಪಿರಲಿಲ್ಲ. ಬಾಗಲಕೋಟೆ ಸೀಮೆಯ ಸುಣ್ಣದ ಪದರುಗಳಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳ ಗುರುತುಗಳು ಮಾತ್ರ ಸಿಗುತ್ತವೆ. ಆದರೆ ಅಲೆಗಳಿದ್ದವು.

ಗುಡ್ಡದ ಬುಡದಲ್ಲಿ ಚಪ್ಪಡಿಯೊಂದರ ಮೇಲಿನ ಧೂಳನ್ನು ಒರೆಸಿ, ಬಾಟಲಿಯ ನೀರನ್ನು ಸುರಿದೆ. ನೀರು ಸಾಲು ಸಾಲು ತಗ್ಗುಗಳಲ್ಲಿ ನಿಂತಿತು. ನಡುನಡುವೆ ಏಣುಗಳು ಒಣಗಿಯೇ ಉಳಿದವು. ಒಂದು ಏಣಿನಿಂದ ಇನ್ನೊಂದಕ್ಕೆ ನಾಲ್ಕು ಬೆರಳಿನಷ್ಟು ಅಂತರ.

“ಮಾಮಾ, ಹೊಲದಾಗ ಕೂರಿಗಿ ಸಾಲು ಬಿದ್ದಂಗ ಐತಲ್ಲ ಇದು!” ಎಂದ ಅಳಿಯ.

ಅವನಿಗೆ ಏಣಿನ ಮೇಲೆ ಬೆರಳಾಡಿಸಲು ಹೇಳಿದೆ. ಒಂದೇ ದಿಕ್ಕಿಗೆ ಹರಿಯುವ ನೀರು ಉಸುಕಿನಲ್ಲಿ ಮೂಡಿಸುವ ಏಣಿಗೆ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಕಡಿದಾಗಿರುತ್ತದೆ. ಆಳವಿಲ್ಲದ ನೀರಿನಲ್ಲಿ ಅಲೆಯು ತಳದ ಉಸುಕನ್ನು ಹಿಂದಕ್ಕೂ ಮುಂದಕ್ಕೂ ತೂಗಿದಾಗ ಮಾತ್ರ ಎರಡೂ ಬದಿ ಸಮನಾಗಿ, ನೆತ್ತಿ ಚೂಪಾಗಿ, ತಗ್ಗು ದುಂಡಗಾಗಿ ಬರುತ್ತದೆ. ಈ ಚಪ್ಪಡಿಯ ಏಣುಗಳು ಎರಡನೆಯ ಬಗೆಯವು. ಭೂವಿಜ್ಞಾನಿಗಳಿಗೆ ಇದರಿಂದ ಇನ್ನೊಂದು ಉಪಯೋಗವೂ ಇದೆ: ಭೂಚಲನೆಯಿಂದ ಪದರುಗಳು ಮಡಿಚಿ ತಲೆಕೆಳಗಾಗಿದ್ದರೂ ಚೂಪು ನೆತ್ತಿ ಯಾವ ಕಡೆಗಿದೆ ಎಂದು ನೋಡಿ ಮೂಲತಃ ಮೇಲಿನ ಬದಿ ಯಾವುದಿತ್ತೆಂದು ಹೇಳಬಹುದು. ಅಳಿಯ ಪಟ್ಟಿಪುಸ್ತಕದ ಹಾಳೆಯನ್ನು ಕಲ್ಲಿನ ಮೇಲಿಟ್ಟು ಪೆನ್ಸಿಲ್ ಉಜ್ಜಿ ಆ ಸಾಲುಗಳ ಅಚ್ಚು ತೆಗೆದುಕೊಂಡ.

ಬೆಳಗಾವಿಯಲ್ಲಿ ಊಟ ಮುಗಿಸಿ ಮುಂದೆ ಹೊರಟು ಖಾನಾಪುರದಲ್ಲಿ ಮತ್ತೆ ಮಲಪ್ರಭೆಯನ್ನು ದಾಟಿದೆವು. ಖಾನಾಪುರ ತಾಲೂಕಿನ ನೀರು ಎರಡು ಕಡಲುಗಳ ದಂಡೆ ಕಟ್ಟುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ ಎನಿಸುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯ ಕಡೆಗೆ ಸಾಗಿದರೆ, ಅದೇ ತಾಲೂಕಿನ ಭೀಮಗಡ ಕಾಡಿನ ಮಹಾದಾಯಿ ಪಣಜಿಯ ಬಳಿ ಅರಬ್ಬಿ ಸಮುದ್ರಕ್ಕಿಳಿಯುತ್ತದೆ. ದಂಡೆಯ ಉಸುಕಿನ ಬಹುಪಾಲು ಸಮುದ್ರದೊಳಗೆ ಹುಟ್ಟಿದ್ದಲ್ಲ. ಹೀಗೆ ಘಟ್ಟದ ಕಲ್ಲು ಸವೆದು ನದಿಗಳ ಬೆನ್ನೇರಿ ಬಂದದ್ದು.

ರಾಮನಗರ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದರೆ ಕದ್ರಾ ಅಣೆಕಟ್ಟು ಎದುರಾಗುತ್ತದೆ. ಇದೇ ಕಾಳಿ ನದಿಗೆ ಮೇಲೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟಿದೆ. ಈ ಅಣೆಕಟ್ಟುಗಳ ವಿದ್ಯುತ್ತು ನಮ್ಮ ಮನೆಗಳಲ್ಲೂ ಉರಿಯುವುದರಿಂದ ಅವುಗಳನ್ನು ಹಗುರವಾಗಿ ದೂರಲಾರೆ. ಆದರೂ ಅಣೆಕಟ್ಟು ನೀರಿನೊಂದಿಗೆ ಉಸುಕನ್ನೂ ತಡೆದು ನಿಲ್ಲಿಸುತ್ತದೆ, ಅಲೆಗಳು ಮಾತ್ರ ದಂಡೆಯಿಂದ ತಮ್ಮ ಪಾಲನ್ನು ಎಂದಿನಂತೆ ಒಯ್ಯುತ್ತಲೇ ಇರುತ್ತವೆ. ಕಡಲ್ಕೊರೆತದ ಸುದ್ದಿ ಓದುವಾಗ ದಂಡೆಯನ್ನಷ್ಟೇ ಅಲ್ಲ, ನದಿಯ ಮೇಲ್ಭಾಗವನ್ನೂ ನೋಡಬೇಕು.

ಕಾರವಾರ ತಲುಪಿದಾಗ ನೀರು ಇಳಿಯುತ್ತಿತ್ತು. ಹುಣ್ಣಿಮೆಯಂದು ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಬೆಳಿಗ್ಗೆ ಚಕ್ಕಡಿಗಳನ್ನು ಹೊರಡಿಸಿದ ಚಂದ್ರನೇ ಸಂಜೆ ನಮಗಾಗಿ ದಂಡೆಯನ್ನು ಅಗಲವಾಗಿ ತೆರೆದಿಟ್ಟಿದ್ದ. ದೂರದಲ್ಲಿ ಕೂರ್ಮಗಡ ದ್ವೀಪ ಕಾಣುತ್ತಿತ್ತು. ಸುಮಾರು 20,000 ವರ್ಷಗಳ ಹಿಂದೆ, ಭೂಮಿಯ ನೀರು ಬಹಳಷ್ಟು ಹಿಮವಾಗಿ ಗಟ್ಟಿಗೊಂಡು ಕಡಲಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿದ್ದಾಗ, ಆ ದ್ವೀಪ ಒಣನೆಲದ ಮೇಲಿನ ಒಂದು ಗುಡ್ಡವಾಗಿತ್ತು. ಅಲ್ಲಿಗೆ ನಡೆದೇ ಹೋಗಬಹುದಿತ್ತು.

ಬಲೆ ಹೆಣೆಯುತ್ತ ಕುಳಿತಿದ್ದ ಹಿರಿಯರೊಬ್ಬರು ಅಳಿಯನ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸಿದರು. “ಮಳೆಗಾಲದಲ್ಲಿ ಈ ಮರಳು ಇಲ್ಲಿ ಇರೂದಿಲ್ಲ ತಮಾ, ಕಡಲ ಒಳಗೆ ಹೋಗ್ತದೆ. ದೀಪಾವಳಿ ಕಳೆದ ಮೇಲೆ ವಾಪಸ್ ಬರ್ತದೆ,” ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಮಳೆಗಾಲದ ಎತ್ತರದ ಅಲೆಗಳು ಒಂದರ ಹಿಂದೊಂದು ಬಡಿಯುವಾಗ ಹಿಂದಿರುಗುವ ನೀರಿನ ಸೆಳೆತ ಜೋರಾಗಿ, ಉಸುಕನ್ನು ಎಳೆದೊಯ್ದು ದಂಡೆಯಾಚೆ ನೀರೊಳಗಿನ ದಿಬ್ಬವಾಗಿ ಪೇರಿಸುತ್ತದೆ. ಬೇಸಿಗೆಯವರೆಗಿನ ಮೆಲ್ಲನೆಯ ಅಲೆಗಳು ಅದನ್ನೇ ಮತ್ತೆ ಮೇಲೆ ತರುತ್ತವೆ; ಏರಿಬಂದ ನೀರಿನಲ್ಲಿ ಒಂದಿಷ್ಟು ದಂಡೆಯೊಳಗೇ ಇಂಗಿಹೋಗುವುದರಿಂದ ಹಿಂದಿರುಗುವ ನೀರಿಗೆ ಎಲ್ಲ ಕಣಗಳನ್ನೂ ಒಯ್ಯುವ ಬಲವಿರುವುದಿಲ್ಲ. ಅಲೆ ಓರೆಯಾಗಿ ಬಂದರೆ ಕಣಗಳು ಏರುವಾಗ ಓರೆಯಾಗಿ, ಇಳಿಯುವಾಗ ನೇರವಾಗಿ ಸಾಗಿ, ಹೆಜ್ಜೆ ಹೆಜ್ಜೆಯಾಗಿ ದಂಡೆಯುದ್ದಕ್ಕೂ ಪಯಣಿಸುತ್ತವೆ. ಹೀಗೆ ಸಾಗಿದ ಉಸುಕು ನದಿಯ ಅಳಿವೆಯಲ್ಲಿ ನಾಲಿಗೆಯಂತೆ ಚಾಚಿಕೊಂಡಾಗ ಉಡುಪಿಯ ಕಡೆ ಅದನ್ನು ಬೆಂಗ್ರೆ ಎನ್ನುತ್ತಾರೆ.

ಮರುದಿನ ಮಾಜಾಳಿಯಿಂದ ಗುಡ್ಡ ಹತ್ತಿಳಿದು ತಿಳ್ಮಾತಿಗೆ ಹೋದೆವು. ಎಳ್ಳು ಚೆಲ್ಲಿದಂತಹ ಕಪ್ಪು ಕಣಗಳ ಪುಟ್ಟ ದಂಡೆ ಅದು. ಹೆಸರಿನ ಅರ್ಥವೂ ಕೊಂಕಣಿಯಲ್ಲಿ ಎಳ್ಳಿನ ಮಣ್ಣು ಎಂದೇ. ಎರಡೂ ಬದಿಗೆ ಕಪ್ಪು ಬಂಡೆಗಳ ಭೂಶಿರಗಳು ಚಾಚಿವೆ. ಅಲೆಯು ಆಳ ಕಡಿಮೆಯಾದಲ್ಲಿ ವೇಗ ಕಳೆದುಕೊಂಡು ಬಾಗುತ್ತದೆ. ಆದ್ದರಿಂದ ಅದರ ಬಲವೆಲ್ಲ ಚಾಚಿದ ಭೂಶಿರದ ಮೇಲೆ ಒಟ್ಟಾಗಿ ಬಂಡೆಯನ್ನು ಒಡೆಯುತ್ತದೆ, ನಡುವಿನ ಕೊಲ್ಲಿಯಲ್ಲಿ ಹರಡಿ ತೆಳುವಾಗುತ್ತದೆ. ಒಡೆದ ಚೂರುಗಳು ಸವೆದು ಕೊಲ್ಲಿಯಲ್ಲಿ ನೆಲೆಸುತ್ತವೆ, ಭೂಶಿರಗಳ ಕಾವಲಿನಿಂದಾಗಿ ಸುಲಭವಾಗಿ ಆಚೆ ಹೋಗಲಾರವು. ಕೆಲವೇ ಕಿಲೋಮೀಟರ್ ಆಚೆಗಿನ ಕಾರವಾರದ ಬಿಳುಪು ಉಸುಕು ಇಲ್ಲಿಗೆ ಹೆಚ್ಚಾಗಿ ಬಾರದಿರುವುದಕ್ಕೂ ಅದೇ ಕಾರಣವಿರಬೇಕು.

ಸಂಜೆ ಇಳಿತದ ಹೊತ್ತಿಗೆ ಮತ್ತೆ ಕಾರವಾರದ ದಂಡೆಗೆ ಬಂದೆವು. ಹಿಂದಿನ ದಿನ ನಾವು ನೋಡಿದ್ದ ಉಸುಕಿನ ಏಣುಗಳನ್ನು ನಡುವೆ ಬಂದುಹೋದ ಎರಡು ಉಬ್ಬರಗಳು ಅಳಿಸಿದ್ದವು. ಅದೇ ಜಾಗದಲ್ಲಿ ಹೊಸ ಸಾಲುಗಳು ಮೂಡಿದ್ದವು. ಅಳಿಯ ಒದ್ದೆ ಉಸುಕಿನ ಮೇಲೆ ಮಂಡಿಯೂರಿ, ಸವದತ್ತಿಯ ಅಚ್ಚಿನ ಹಾಳೆಯನ್ನು ಬಿಚ್ಚಿ ಪಕ್ಕಕ್ಕೆ ಹಿಡಿದ. ಅಂತರ ಸರಿಹೊಂದಲಿಲ್ಲ, ಇಲ್ಲಿನ ಸಾಲುಗಳು ಮೂರು ಬೆರಳಿನವು. ಆದರೆ ಚೂಪು ನೆತ್ತಿ, ದುಂಡನೆಯ ತಗ್ಗು, ಅಲ್ಲಲ್ಲಿ ಒಂದು ಸಾಲು ಕವಲೊಡೆದು ಎರಡಾಗುವ ರೀತಿ ಎಲ್ಲವೂ ಅದೇ ಆಗಿದ್ದವು.

“ಮಾಮಾ, ಇದೂ ಕಲ್ಲಾಗತೈತೇನು?” ಎಂದು ಕೇಳಿದ.

“ಇವತ್ತು ರಾತ್ರಿ ಇದರ ಮ್ಯಾಲೆ ರಾಡಿ ಕುಂತು ಮುಚ್ಚಿದ್ರ, ಆಗಬಹುದಪ್ಪಾ,” ಎಂದೆ. ನೀರು ಏರತೊಡಗಿತ್ತು. ಅವನು ಹಾಳೆಯನ್ನು ಮಡಿಚದೆ, ಒದ್ದೆಯಾಗದಂತೆ ತಲೆಯ ಮೇಲೆ ಹಿಡಿದುಕೊಂಡು, ಒಣ ಉಸುಕಿನ ಕಡೆಗೆ ನಡೆದ.