ಇಂಗ್ಲೆಂಡಿನ ಹಳೇ ಪಬ್ ನೋಡ್ಬೇಕಾ? ಲಂಡನ್ ಬಿಟ್ಟು ಲೂಯಿಸ್‌ಗೆ ಹೋಗಿ

ಇಂಗ್ಲೆಂಡಿಗೆ ಬರೋ ನಮ್ಮೋರು ಸುಮಾರು ಜನ ಲಿಸ್ಟಲ್ಲಿ "ಒಂದು ಹಳೇ ಪಬ್" ಅಂತ ಬರ್ಕೊಂಡಿರ್ತಾರೆ, ಹುಡುಕಿದ್ರೆ ಮೊದ್ಲು ಬರೋದೇ ನಾವೇ ಅತೀ ಹಳೇ ಪಬ್ಬು ಅಂತ ಹೇಳ್ಕೊಳೋ ಜಾಗಗಳು. ನಾಟಿಂಗ್‌ಹ್ಯಾಮ್‌ನಲ್ಲಿ ಕೋಟೆ ಬಂಡೆಗೆ ಅಂಟ್ಕೊಂಡಿರೋ ಟ್ರಿಪ್ ಟು ಜೆರುಸಲೆಮ್ ಗೋಡೆ ಮೇಲೆ 1189 ಅಂತ ದೊಡ್ಡದಾಗಿ ಬರೆದಿದೆ, ಸೇಂಟ್ ಆಲ್ಬನ್ಸ್‌ನ ಫೈಟಿಂಗ್ ಕಾಕ್ಸ್‌ನೋರು ಇನ್ನೂ ಹಿಂದಕ್ಕೆ ಹೋಗ್ತಾರೆ, ಆದ್ರೆ ಅಷ್ಟು ಹಿಂದಿನ ಗಟ್ಟಿ ದಾಖಲೆ ಯಾರ ಹತ್ರಾನೂ ಇಲ್ಲ. ಕಟ್ಟಡ ಚೆನ್ನಾಗಿರತ್ತೆ, ಫೋಟೋನೂ ಚೆನ್ನಾಗಿ ಬರತ್ತೆ, ಬೇಡ ಅನ್ನಲ್ಲ. ಆದ್ರೆ ಪಬ್ ಅಂದ್ರೆ ಏನು ಅಂತ ತಿಳೀಬೇಕು ಅಂದ್ರೆ ನನ್ನ ಲೆಕ್ಕದಲ್ಲಿ ವಯಸ್ಸು ನೋಡ್ಬೇಡಿ, ಅಲ್ಲಿ ಬಿಯರ್ ಎಲ್ಲಿಂದ ಬರತ್ತೆ ಅಂತ ನೋಡಿ. ಊರಲ್ಲೇ ಬಿಯರ್ ಮಾಡಿ ಊರವರೇ ಕುಡಿಯೋ ಜಾಗ ಹುಡುಕಿ. ಅಂಥ ಊರುಗಳಲ್ಲಿ ಲಂಡನ್‌ನಿಂದ ಸುಲಭವಾಗಿ ಹೋಗಿ ಬರಬಹುದಾದದ್ದು ಲೂಯಿಸ್, ಸಸೆಕ್ಸ್‌ನಲ್ಲಿದೆ. ಸ್ಪೆಲ್ಲಿಂಗ್ ನೋಡಿದ್ರೆ ಲೆವೆಸ್ ಅಂತ ಓದ್ಕೋತೀವಿ, ಅಲ್ಲಿಯವರು ಕರೆಯೋದು ಲೂಯಿಸ್ ಅಂತ.

ಇಂಥ ಪಬ್ಬುಗಳಲ್ಲಿ ಕೊಡೋ ಬಿಯರಿಗೆ ರಿಯಲ್ ಏಲ್ ಅಂತಾರೆ, ಹಾಗಂದ್ರೇನು ಅಂತ ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮೊದಲನೇ ಗುಟುಕಿಗೇ ಮುಖ ಕಿವುಚ್ಕೋತೀರ. ನಮ್ಮಲ್ಲಿ ಬಾಟ್ಲಿಯಲ್ಲಿ ಸಿಗೋ ಲಾಗರ್‌ನ ಫಿಲ್ಟರ್ ಮಾಡಿ, ಪಾಶ್ಚರೈಸ್ ಮಾಡಿ, ಗ್ಯಾಸ್ ತುಂಬಿ ಕಳಿಸಿರ್ತಾರೆ. ಇದು ಹಾಗಲ್ಲ, ಈಸ್ಟ್ ಜೀವ ಇರೋವಾಗಲೇ ಪೀಪಾಯಿಗೆ ತುಂಬ್ತಾರೆ, ಅದು ಪಬ್ಬಿನ ನೆಲಮಾಳಿಗೆಯಲ್ಲಿ ಕೂತು ಇನ್ನೊಂದ್ಸಲ ಹುದುಗತ್ತೆ, ಇರೋ ಸ್ವಲ್ಪ ಗ್ಯಾಸೂ ತಾನಾಗೇ ಹುಟ್ಟಿದ್ದು. ಅಲ್ಲಿಂದ ಹ್ಯಾಂಡ್‌ಪಂಪಲ್ಲಿ ಕೈಯಲ್ಲಿ ಎಳೆದು ಗ್ಲಾಸಿಗೆ ಬಿಡ್ತಾರೆ, ಸುಮಾರು 11ರಿಂದ 13 ಡಿಗ್ರಿ ಇರತ್ತೆ. ದೋಸೆ ಹಿಟ್ಟಿನ ಹಾಗೇ ಅನ್ಕೊಳಿ, ಸರಿಯಾಗಿ ಹುದುಗೋವರೆಗೂ ಕಾಯ್ಬೇಕು, ಹದ ಬಂದ್ಮೇಲೆ ಬೇಗ ಖಾಲಿ ಮಾಡ್ಬೇಕು, ಇಟ್ರೆ ಹುಳಿ. ಪೀಪಾಯಿ ಓಪನ್ ಮಾಡಿದ ಮೇಲೆ ಮೂರು ದಿನದಲ್ಲಿ ಮುಗಿದ್ರೆ ಒಳ್ಳೇದು ಅಂತಾರೆ, ಪಬ್ಬುಗಳಲ್ಲಿ ಸಾಮಾನ್ಯವಾಗಿ ಇರೋ 9 ಗ್ಯಾಲನ್ ಪೀಪಾಯಿಯಲ್ಲಿ 72 ಪೈಂಟ್ ಬರತ್ತೆ. ಹಾಗಾಗಿ ಜನ ಕಡಿಮೆ ಇರೋ ಪಬ್ಬಲ್ಲಿ ಎಂಟು ಪಂಪ್ ಸಾಲಾಗಿ ನಿಂತಿದ್ರೆ ನಾನು ಅನುಮಾನ ಪಡ್ತೀನಿ, ಎರಡೇ ಪಂಪ್ ಇದ್ದು ಎಲ್ಲರ ಕೈಲೂ ಒಂದೇ ಬಣ್ಣದ ಗ್ಲಾಸ್ ಇದ್ರೆ ಕಣ್ಣು ಮುಚ್ಕೊಂಡು ಅದನ್ನೇ ತಗೋತೀನಿ. ದೊಡ್ಡ ಕಂಪನಿಗಳು ಇದನ್ನೆಲ್ಲ ಬಿಟ್ಟು ಗ್ಯಾಸ್ ಹಾಕಿದ ಕೆಗ್ ಬಿಯರ್ ಕಡೆ ಹೊರಟಾಗ 1971ರಲ್ಲಿ ಕಾಮ್ರಾ ಅಂತ ಕುಡಿಯೋರ ಸಂಘಟನೆಯೇ ಹುಟ್ಕೊಳ್ತು, ಹ್ಯಾಂಡ್‌ಪಂಪ್‌ಗಳು ಇವತ್ತಿಗೂ ಇವೆ ಅಂದ್ರೆ ಅದ್ರಲ್ಲಿ ಅವರ ಪಾಲು ದೊಡ್ಡದು.

ಹೋಗೋದು ಸುಲಭ. ಲಂಡನ್ ವಿಕ್ಟೋರಿಯಾದಿಂದ ನೇರ ಟ್ರೈನ್, ಒಂದು ಗಂಟೆ ಚಿಲ್ಲರೆ, ಗ್ಯಾಟ್‌ವಿಕ್ ಏರ್‌ಪೋರ್ಟ್ ದಾರಿಯಲ್ಲೇ ಸಿಗತ್ತೆ. ಬ್ರೈಟನ್‌ನಿಂದ ಕಾಲು ಗಂಟೆ. ಸಸೆಕ್ಸ್ ಯೂನಿವರ್ಸಿಟಿಯಲ್ಲಿ ಓದ್ತಿರೋ ನಮ್ಮ ಹುಡುಗ್ರಿಗಂತೂ ಫಾಲ್ಮರ್ ಸ್ಟೇಷನ್ನಲ್ಲಿ ಹತ್ತಿದ್ರೆ ಮುಂದಿನ ಸ್ಟಾಪೇ ಲೂಯಿಸ್, ನನ್ನ ಭಾಮೈದ ಅಲ್ಲೇ ಮಾಸ್ಟರ್ಸ್ ಮಾಡ್ತಿದಾನೆ, ಅವನ ನೆಪದಲ್ಲೇ ನಾನೂ ಹೆಂಡ್ತೀನೂ ಹೋಗಿದ್ದು. ಕಾರ್ ತಗೊಂಡು ಹೋಗೋ ಯೋಚನೆ ಬೇಡ, ಇಂಗ್ಲೆಂಡಲ್ಲಿ ಕುಡಿದು ಓಡಿಸೋ ಲಿಮಿಟ್ ನಮ್ಮ ದೇಶಕ್ಕಿಂತ ಜಾಸ್ತಿ ಅನ್ನೋದು ನಿಜ (ಅಲ್ಲಿ 100 ಮಿಲಿ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್, ನಮ್ಮಲ್ಲಿ 30), ಅದನ್ನ ನಂಬ್ಕೊಂಡು ಕುಡಿದು ಸ್ಟಿಯರಿಂಗ್ ಹಿಡೀಬೇಡಿ, ಟ್ರೈನ್ ಇರೋವಾಗ ಯಾಕೆ ಬೇಕು. ಸ್ಟೇಷನ್ನಿಂದ ಹೈ ಸ್ಟ್ರೀಟ್‌ಗೆ ಏರು ಇದೆ, ಕೀರ್ ಸ್ಟ್ರೀಟ್ ಅಂತ ಕಲ್ಲು ಹಾಸಿದ ಒಂದು ಇಳಿಜಾರಂತೂ ಮಳೆ ಬಂದ್ರೆ ಜಾರತ್ತೆ, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ರೆ ನಿಧಾನಕ್ಕೆ ಹೋಗಿ, ಒಳ್ಳೇ ಶೂ ಹಾಕ್ಕೊಳಿ.

ಮೊದ್ಲು ಕೆಳಗಡೆ ನದಿ ಹತ್ರ ಹೋಗಿ. ಊಸ್ ನದಿ ದಡದಲ್ಲೇ ಹಾರ್ವೀಸ್ ಬ್ರೂವರಿ ಇದೆ, ಕಂಪನಿ ಶುರುವಾಗಿದ್ದು 1790ರಲ್ಲಿ, ಈಗ ಕಾಣೋ ಗೋಪುರದ ಕಟ್ಟಡ 1880ರ ದಶಕದ ಶುರುವಲ್ಲಿ ವಿಲಿಯಂ ಬ್ರಾಡ್‌ಫರ್ಡ್ ಅನ್ನೋ ಆರ್ಕಿಟೆಕ್ಟ್ ಮಾಡಿದ್ದು. ಊರವರು ತಮಾಷೆಗೆ ಲೂಯಿಸ್ ಕೆಥೀಡ್ರಲ್ ಅಂತಾರೆ. ಬ್ರೂ ಮಾಡೋ ದಿನ ಆದ್ರೆ ಸೇತುವೆ ಮೇಲೆ ನಿಂತ್ರೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬೇಯೋ ವಾಸನೆ ಬರತ್ತೆ. ಇವರ ಈಸ್ಟ್ ಕಥೆ ನಂಗೆ ಬಹಳ ಇಷ್ಟ ಆಯ್ತು, 1957ರಲ್ಲಿ ಯಾರ್ಕ್‌ಷೈರಿನ ಟ್ಯಾಡ್‌ಕಾಸ್ಟರ್‌ನಲ್ಲಿರೋ ಜಾನ್ ಸ್ಮಿತ್ಸ್ ಬ್ರೂವರಿಯಿಂದ ತಂದಿದ್ದಂತೆ, ಆವತ್ತಿಂದ ಒಂದು ಬ್ರೂನಿಂದ ತೆಗೆದು ಇನ್ನೊಂದಕ್ಕೆ ಹಾಕ್ತಾ ಹಾಕ್ತಾ ಅದೇ ಈಸ್ಟ್ ಮುಂದುವರೀತಾ ಇದೆ. ನಮ್ಮನೇಲಿ ಅಜ್ಜಿ ಹೆಪ್ಪು ಕಾಪಾಡ್ತಿದ್ದಿದ್ದು ನೋಡಿದೋರಿಗೆ ಇದೇನು ದೊಡ್ಡ ಆಶ್ಚರ್ಯ ಅಲ್ಲ ಬಿಡಿ. 2000ದ ಅಕ್ಟೋಬರ್‌ನಲ್ಲಿ ಊಸ್ ನದಿ ಉಕ್ಕಿ ಊರಿಗೆ ನುಗ್ಗಿದಾಗ ಬ್ರೂವರಿ ಒಳಗೂ ನೀರು ಬಂತು, ಯಾರೂ ಹತ್ರ ಹೋಗೋಕಾಗದೆ ಇದ್ದಾಗ ಒಳಗೆ ತನ್ನಷ್ಟಕ್ಕೆ ತಾನೇ ಹುದುಗ್ತಿದ್ದ ಬಿಯರನ್ನ ಆಮೇಲೆ "ಊಸ್ ಬೂಸ್" ಅಂತ ಹೆಸರಿಟ್ಟು ಮಾರಿದ್ರು. ಬ್ರೂವರಿ ಟೂರ್ ಇದೆ, ಆದ್ರೆ ಬಹಳ ಮುಂಚೆನೇ ಬುಕ್ ಮಾಡ್ಬೇಕು, ಸುಮ್ನೆ ಹೋಗಿ ಬಾಗಿಲು ತಟ್ಟಿದ್ರೆ ಆಗಲ್ಲ. ಪಕ್ಕದಲ್ಲೇ ಅವರ ಅಂಗಡಿ ಇದೆ, ಅದಕ್ಕೆ ಬುಕಿಂಗ್ ಬೇಡ.

ಈಗ ಪಬ್ಬಿಗೆ. ಕೋಟೆ ದಿಬ್ಬದ ಕೆಳಗೆ ಲೂಯಿಸ್ ಆರ್ಮ್ಸ್ ಅಂತ ಇದೆ, ಒಂದೇ ಜಾಗ ನೋಡೋಕೆ ಟೈಮ್ ಇದೆ ಅಂದ್ರೆ ಇದನ್ನೇ ನೋಡಿ. ಚಿಕ್ಕ ಚಿಕ್ಕ ರೂಮು, ಮರದ ಬೆಂಚು, ದೊಡ್ಡ ಅಲಂಕಾರ ಏನಿಲ್ಲ. ಆದ್ರೆ ಇದರ ಹಿಂದೆ ಒಂದು ಜಗಳದ ಕಥೆ ಇದೆ. ಈ ಪಬ್ಬು ಆಗ ಗ್ರೀನ್ ಕಿಂಗ್ ಅನ್ನೋ ದೊಡ್ಡ ಕಂಪನಿ ಕೈಲಿತ್ತು, ಬೇರೆ ಜಿಲ್ಲೆ ಕಂಪನಿ, ಅವರದ್ದೇ ಬಿಯರ್ ಇದೆ. ಆದ್ರೆ ಇಲ್ಲಿ ಜನ ಕುಡೀತಿದ್ದಿದ್ದು ಹಾರ್ವೀಸ್ ಬೆಸ್ಟ್. ಅದೇ ಬೆಸ್ಟ್‌ಗೆ 2005, 2006 ಎರಡೂ ವರ್ಷ ಕಾಮ್ರಾ ಬಿಯರ್ ಹಬ್ಬದಲ್ಲಿ ಬೆಸ್ಟ್ ಬಿಟರ್ (ಸ್ವಲ್ಪ ಕಹಿ ಇರೋ ಏಲ್) ವಿಭಾಗದ ಚಾಂಪಿಯನ್ ಪಟ್ಟ ಬಂದಿತ್ತು, ಅಂಥದ್ದನ್ನ 2006ರ ಡಿಸೆಂಬರ್‌ನಲ್ಲಿ ಪಂಪಿಂದ ತೆಗೆದುಬಿಟ್ರು. ಸರಿ, ಊರವರು ಒಳಗೆ ಕಾಲಿಡೋದೇ ನಿಲ್ಲಿಸಿದ್ರು. ಗಲಾಟೆ ಗಿಲಾಟೆ ಏನಿಲ್ಲ, ಚಳಿಯಲ್ಲಿ ಬಾಗಿಲ ಹೊರಗೆ ನಿಂತು ಒಳಗೆ ಹೋಗೋರಿಗೆ ಹೋಗ್ಬೇಡಿ ಅಂತ ಹೇಳೋದು. ತಿಂಗಳುಗಟ್ಟಲೆ ನಡೀತು, ವ್ಯಾಪಾರ ಬಿದ್ದೋಯ್ತು, ಪೇಪರಲ್ಲೆಲ್ಲ ಬಂತು, 2007ರ ಏಪ್ರಿಲ್‌ನಲ್ಲಿ ಕಂಪನಿಯೇ ಸೋತು ಹಾರ್ವೀಸ್ ವಾಪಸ್ ತಂತು. ಆಮೇಲೆ ಪಬ್ಬು ಫುಲ್ಲರ್ಸ್ ಅನ್ನೋ ಇನ್ನೊಂದು ಕಂಪನಿ ಕೈಗೆ ಹೋಯ್ತು, ಹಾರ್ವೀಸ್ ಮಾತ್ರ ಅಲ್ಲೇ ಇದೆ. ಒಂದು ಪಂಪ್‌ಗೋಸ್ಕರ ಇಷ್ಟೆಲ್ಲ ಮಾಡೋ ಜನ ಇರೋ ಊರಲ್ಲಿ ಬಿಯರ್ ಹಳಸೋದು ಕಷ್ಟ, ನಾನು ಲೂಯಿಸ್ ಅಂತ ಹೇಳ್ತಿರೋದಕ್ಕೆ ಕಾರಣಾನೇ ಇದು.

ಒಳಗೆ ಹೋದ್ಮೇಲೆ ಟೇಬಲ್ ಹತ್ರ ಕೂತು ವೇಟರ್ ಬರ್ತಾನೆ ಅಂತ ಕಾಯ್ಬೇಡಿ, ಯಾರೂ ಬರಲ್ಲ. ಬಾರ್ ಕೌಂಟರಿಗೆ ನೀವೇ ಹೋಗಿ, ಅಲ್ಲೇ ಆರ್ಡರ್, ಅಲ್ಲೇ ದುಡ್ಡು. ಕ್ಯೂ ಕಾಣಲ್ಲ, ಆದ್ರೆ ಯಾರು ಮೊದ್ಲು ಬಂದ್ರು ಅಂತ ಕೌಂಟರಲ್ಲಿರೋರಿಗೆ ಗೊತ್ತಿರತ್ತೆ, ನಿಮಗಿಂತ ಮೊದಲು ಬಂದೋರು ಇದ್ರೆ ಅವರ ಕಡೆ ಕೈ ತೋರಿಸಿ, ಅದು ಮರ್ಯಾದೆ. ದುಡ್ಡು ಹಿಡಿದು ಕೈ ಬೀಸೋದು, ಕೂಗಿ ಕರೆಯೋದು ಬೇಡವೇ ಬೇಡ. ಟಿಪ್ಸ್ ಕೊಡೋ ರೂಢಿ ಇಲ್ಲ. ಒಂದು ಪೈಂಟ್ ಅಂದ್ರೆ 568 ಮಿಲಿ, ಸುಮಾರು 5ರಿಂದ 6 ಪೌಂಡ್ ಇಟ್ಕೊಳಿ. ಅಷ್ಟು ಬೇಡ ಅಂದ್ರೆ ಹಾಫ್ ಕೇಳಿ, ಎರಡು ಮೂರು ಬಗೆ ರುಚಿ ನೋಡೋ ಆಸೆ ಇದ್ರೆ ಹಾಫೇ ಸರಿ. ತಗೊಳೋ ಮುಂಚೆ ಸ್ವಲ್ಪ ಟೇಸ್ಟ್ ಮಾಡ್ಬಹುದಾ ಅಂತ ಕೇಳಿದ್ರೆ ಸಾಮಾನ್ಯವಾಗಿ ಚಿಕ್ಕ ಗ್ಲಾಸಲ್ಲಿ ಕೊಡ್ತಾರೆ, ರಶ್ ಇದ್ದಾಗ ಮಾತ್ರ ನಾಲ್ಕು ನಾಲ್ಕು ಟೇಸ್ಟ್ ಕೇಳಿ ಅವರ ತಾಳ್ಮೆ ಪರೀಕ್ಷೆ ಮಾಡ್ಬೇಡಿ. ವಿನಿಗರ್ ತರ ಹುಳಿ ಬಂದ್ರೆ ನೆಟ್ಟಗೆ ಹೇಳಿ, ಒಳ್ಳೇ ಪಬ್ಬಲ್ಲಿ ಮಾತಿಲ್ದೆ ಬದಲಾಯಿಸಿ ಕೊಡ್ತಾರೆ.

ಭಾಮೈದ ಮೊದಲನೇ ಗುಟುಕು ಕುಡಿದು "ಭಾವ, ಫ್ರಿಜ್ ಕೆಟ್ಟೋಗಿದ್ಯಾ ಇವರದ್ದು?" ಅಂದ. ಬೆಂಗಳೂರಲ್ಲಿ ಮಂಜುಗಡ್ಡೆ ಹಾಗಿರೋ ಪಿಚರ್ ಕುಡಿದು ಬೆಳೆದೋನು, ಅವನ ತಪ್ಪಲ್ಲ. ಅರ್ಧ ಗ್ಲಾಸ್ ಆಗೋವರೆಗೂ ಸುಮ್ನಿರು ಅಂದೆ. ಹಾರ್ವೀಸ್ ಬೆಸ್ಟ್ 4 ಪರ್ಸೆಂಟು, ತಾಮ್ರದ ಬಣ್ಣ, ಮೊದ್ಲು ಬಿಸ್ಕೆಟ್ ತರ ಸ್ವಲ್ಪ ಸಿಹಿ, ಕೊನೇಲಿ ಹಾಪ್ಸ್ (ಬಿಯರಿಗೆ ಹಾಕೋ ಒಂದು ಬಗೆ ಹೂವು) ಕಹಿ ನಾಲಿಗೆ ಹಿಂದೆ ಉಳ್ಕೊಳ್ಳತ್ತೆ. ನೊರೆ ಕಡಿಮೆ, ದಕ್ಷಿಣ ಇಂಗ್ಲೆಂಡಲ್ಲಿ ಹಾಗೇ ಕೊಡೋದು, ಉತ್ತರದ ಕಡೆ ಹೋದ್ರೆ ಪಂಪಿನ ಮೂತಿಗೆ ಸ್ಪಾರ್ಕ್‌ಲರ್ ಅಂತ ಒಂದು ಚಿಕ್ಕ ಬಿಲ್ಲೆ ಹಾಕಿ ಕೆನೆ ತರ ನೊರೆ ಬರಿಸ್ತಾರೆ. ಇದು ಕಿಕ್‌ಗೆ ಕುಡಿಯೋ ಬಿಯರ್ ಅಲ್ಲ, ಮಾತಾಡ್ತಾ ಕುಡಿಯೋದು. ಚಳಿಗಾಲದಲ್ಲಿ ಹೋದ್ರೆ ಓಲ್ಡ್ ಏಲ್ ಕೇಳಿ, ಕಪ್ಪಗಿರತ್ತೆ, ಮೆತ್ತಗೆ, ನನ್ನ ವೋಟು ಅದಕ್ಕೇ.

ಸಸ್ಯಾಹಾರಿಗಳು ಇದನ್ನ ಗಮನ ಇಟ್ಟು ಓದಿ. ಕಾಸ್ಕ್ ಏಲ್ (ಮೇಲೆ ಹೇಳಿದ ಪೀಪಾಯಿ ಬಿಯರೇ) ತಿಳಿಯಾಗ್ಲಿ ಅಂತ ಹಿಂದಿನಿಂದಲೂ ಐಸಿಂಗ್ಲಾಸ್ ಹಾಕೋ ಪದ್ಧತಿ ಇದೆ, ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಪೀಪಾಯಿ ತಳಕ್ಕೆ ಇಳಿಯತ್ತೆ ನಿಜ, ಆದ್ರೆ ಕಟ್ಟುನಿಟ್ಟಾಗಿರೋರಿಗೆ ಅದು ಸಮಾಧಾನ ಅಲ್ಲ. ವೀಗನ್ ಅಂತ ಮಾರ್ಕ್ ಇರೋ ಬಿಯರ್‌ಗಳೂ ಬರ್ತಿವೆ, ಕೌಂಟರಲ್ಲಿ ಕೇಳಿ. ಊಟದಲ್ಲಿ ಪ್ಲೌಮನ್ಸ್ ಅಂತ ಇರತ್ತೆ, ಚೀಸು ಬ್ರೆಡ್ಡು ಉಪ್ಪಿನಕಾಯಿ ಈರುಳ್ಳಿ, ನನ್ನ ಹೆಂಡ್ತಿ ಅದನ್ನೇ ತಿಂದಿದ್ದು, ಆದ್ರೆ ಕೆಲವು ಕಡೆ ಅದ್ರಲ್ಲೇ ಹ್ಯಾಮ್ ಇಡ್ತಾರೆ, ಮೊದ್ಲೇ ಹೇಳ್ಬೇಕು. ಚಿಪ್ಸ್ (ಅಲ್ಲಿ ಚಿಪ್ಸ್ ಅಂದ್ರೆ ನಮ್ಮ ಫ್ರೆಂಚ್ ಫ್ರೈಸ್) ಯಾವ ಎಣ್ಣೆಯಲ್ಲಿ ಕರಿದಿದ್ದು ಅಂತ ಕೇಳಿ, ಕೆಲವರು ದನದ ಕೊಬ್ಬಲ್ಲಿ ಕರೀತಾರೆ. ಮೊಟ್ಟೆ ತಿನ್ನೋರು ಸ್ಕಾಚ್ ಎಗ್ ಅಂತ ಹೆಸರು ನೋಡಿ ಮೋಸ ಹೋಗ್ಬೇಡಿ, ಮೊಟ್ಟೆ ಸುತ್ತ ಹಂದಿ ಮಾಂಸ ಇರತ್ತೆ. ಕುಡಿಯದೋರು ಪಬ್ಬಿಗೆ ಬರಬಾರ್ದು ಅಂತ ಏನಿಲ್ಲ, ಆಲ್ಕೋಹಾಲ್ ಇಲ್ಲದ ಜಿಂಜರ್ ಬಿಯರ್, ಲೈಮ್ ಸೋಡಾ ಸಿಗತ್ತೆ, ನಲ್ಲಿ ನೀರು ಕೇಳಿದ್ರೆ ಫ್ರೀ ಕೊಡ್ಲೇಬೇಕು ಅಂತ ಕಾನೂನೇ ಇದೆ. ನಾಯಿಗೆ ಹೆದರೋರಿಗೆ ಒಂದು ಮಾತು, ಸುಮಾರು ಪಬ್ಬುಗಳಲ್ಲಿ ಟೇಬಲ್ ಕೆಳಗೆ ನಾಯಿ ಮಲಗಿರತ್ತೆ, ನಮ್ಮೋಳು ಊಟ ಮುಗಿಯೋವರೆಗೂ ಕಾಲು ಮೇಲಿಟ್ಕೊಂಡೇ ಕೂತಿದ್ಲು.

ಅಡುಗೆಮನೆ ಟೈಮಿಂಗ್ ನೋಡ್ಕೊಂಡು ಹೋಗಿ, ಎಷ್ಟೋ ಕಡೆ ಮಧ್ಯಾಹ್ನ ಎರಡೂವರೆ ಮೂರಕ್ಕೆ ಮುಚ್ಚಿ ಮತ್ತೆ ಸಂಜೆ ಆರಕ್ಕೆ ಶುರು ಮಾಡೋದು, ಮಧ್ಯದಲ್ಲಿ ಹೋದ್ರೆ ಕ್ರಿಸ್ಪ್ಸ್ (ನಮ್ಮ ಆಲೂ ಚಿಪ್ಸ್) ಪ್ಯಾಕೆಟ್ಟೇ ಗತಿ. ಭಾನುವಾರ ರೋಸ್ಟ್ ಊಟಕ್ಕೆ ಊರೆಲ್ಲ ಬಂದಿರತ್ತೆ, ಟೇಬಲ್ ಬುಕ್ ಮಾಡ್ಬೇಕು. ನಾನು ಹೇಳೋದು ವಾರದ ಮಧ್ಯೆ, ಸಂಜೆ ನಾಲ್ಕೈದರ ಹೊತ್ತು. ಇಪ್ಪತ್ತೈದರ ಒಳಗೆ ಕಾಣೋ ಹುಡುಗ್ರು ಪಾಸ್‌ಪೋರ್ಟ್ ಇಟ್ಕೊಳಿ, ಹದಿನೆಂಟು ದಾಟಿದ್ರೂ ಐಡಿ ಕೇಳ್ತಾರೆ, ನಮ್ಮ ಆಧಾರ್ ಕಾರ್ಡ್ ಅಲ್ಲಿ ನಡೆಯಲ್ಲ.

ಟೈಮ್ ಉಳಿದ್ರೆ ಸೌತ್ ಸ್ಟ್ರೀಟ್‌ನಲ್ಲಿರೋ ಸ್ನೋಡ್ರಾಪ್ ಇನ್‌ಗೆ ಹೋಗಿ. ಹೆಸರು ಕೇಳಿದ್ರೆ ಹೂವು ಅನ್ಕೋತೀವಿ, ವಿಷಯ ಅದಲ್ಲ, 1836ರ ಡಿಸೆಂಬರ್ 27ರಂದು ಹಿಂದಿನ ಸುಣ್ಣದ ಬಂಡೆ ಮೇಲಿಂದ ಹಿಮದ ರಾಶಿ ಕುಸಿದು ಕೆಳಗಿದ್ದ ಮನೆಗಳ ಮೇಲೆ ಬಿತ್ತು, ಎಂಟು ಜನ ಸತ್ರು, ಬ್ರಿಟನ್ನಿನಲ್ಲೇ ಅತಿ ಹೆಚ್ಚು ಜನ ಸತ್ತ ಹಿಮಕುಸಿತ ಅದು. ಪಬ್ಬು ನಿಂತಿರೋದು ಅದೇ ಜಾಗದಲ್ಲಿ. ಹೈ ಸ್ಟ್ರೀಟಲ್ಲಿ ಟಾಮ್ ಪೇನ್ ವಾಸವಿದ್ದ ಬುಲ್ ಹೌಸ್ ಕೂಡ ನೋಡಿ, ಅವನು 1768ರಿಂದ 1774ರವರೆಗೆ ಈ ಊರಲ್ಲಿ ಎಕ್ಸೈಸ್ ಆಫೀಸರ್ ಆಗಿದ್ದ, ಆಮೇಲೆ ಅಮೆರಿಕಕ್ಕೆ ಹೋಗಿ ಸ್ವಾತಂತ್ರ್ಯದ ಪರ ಬರೆದಿದ್ದು ಎಲ್ಲರಿಗೂ ಗೊತ್ತು, ಅದಕ್ಕೂ ಮುಂಚೆ ಇಲ್ಲಿ ವೈಟ್ ಹಾರ್ಟ್ ಇನ್ನಲ್ಲಿ ಕೂತು ರಾತ್ರಿಯೆಲ್ಲ ವಾದ ಮಾಡ್ತಿದ್ನಂತೆ. ಕೆಲವು ಪಬ್ಬಲ್ಲಿ ಟೋಡ್ ಇನ್ ದಿ ಹೋಲ್ ಅಂತ ಆಟ ಇದೆ, ಸೀಸದ ಹಾಸು ಇರೋ ಮೇಜಿನ ತೂತಿಗೆ ಹಿತ್ತಾಳೆ ಬಿಲ್ಲೆ ಎಸೆಯೋದು, ಆಡ್ತಿರೋರನ್ನ ಕೇಳಿದ್ರೆ ನಿಮಗೂ ಒಂದು ಚಾನ್ಸ್ ಕೊಡ್ತಾರೆ.

ನವೆಂಬರ್ 5 ಮಾತ್ರ ಬೇರೆ ಲೆಕ್ಕ. ಆವತ್ತು ಊರ ತುಂಬ ಪಂಜಿನ ಮೆರವಣಿಗೆ, 1555ರಿಂದ 57ರ ಮಧ್ಯೆ ಈ ಊರಲ್ಲಿ ಸುಟ್ಟು ಕೊಂದ 17 ಜನ ಪ್ರೊಟೆಸ್ಟೆಂಟರ ನೆನಪಿಗೆ ಉರಿಯೋ ಶಿಲುಬೆ ಹೊತ್ಕೊಂಡು ಹೋಗ್ತಾರೆ, ಪಟಾಕಿ ಸದ್ದು ಭಯಂಕರ. ರಸ್ತೆ ಬಂದ್ ಮಾಡ್ತಾರೆ, ಇತ್ತೀಚಿನ ವರ್ಷಗಳಲ್ಲಿ ಸಂಜೆ ಮೇಲೆ ಟ್ರೈನೂ ಅಲ್ಲಿ ನಿಲ್ಲಿಸ್ತಿಲ್ಲ, ಪಬ್ಬಲ್ಲಿ ಕಾಲಿಡೋಕೂ ಜಾಗ ಇರಲ್ಲ. ಪಬ್ ನೋಡ್ಬೇಕು ಅನ್ನೋರು ಆ ದಿನ ಬಿಟ್ಟು ಬೇರೆ ಯಾವ ದಿನ ಬೇಕಾದ್ರೂ ಹೋಗಿ.

ಊರಿಗೆ ಬಾಟ್ಲಿ ತರೋ ಆಸೆ ಇದ್ರೆ ಬ್ರೂವರಿ ಅಂಗಡಿಯಲ್ಲಿ ಇಂಪೀರಿಯಲ್ ಸ್ಟೌಟ್ ಅನ್ನೋ ಕಪ್ಪು ಬಿಯರ್ ಕೇಳಿ ನೋಡಿ, 9 ಪರ್ಸೆಂಟು, ಪೀಪಾಯಿ ಬಿಯರ್ ತರ ಮೂರು ದಿನದಲ್ಲಿ ಕೆಡೋದಲ್ಲ. ಚೆಕ್ ಇನ್ ಬ್ಯಾಗಲ್ಲಿ ಸ್ವೆಟರ್ ಮಧ್ಯೆ ಸುತ್ತಿಡಿ. ಅಂಗಡಿ ಸಂಜೆಗೇ ಮುಚ್ಚತ್ತೆ, ಪಬ್ಬಿಗೆ ಹೋಗೋ ಮುಂಚೆ ತಗೊಳಿ, ಆಮೇಲೆ ತಗೊಳೋಣ ಅಂದ್ರೆ ಸಿಗಲ್ಲ.