ಈ ಸಾಲು ಯಾರದು?

"ಮೇಡಂ, ಈ ಸಾಲು ಯಾರದು?"

ಮಂಗಳವಾರ ಸಂಜೆ ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಹುಡುಗಿ ಕೇಳಿದ್ದು ಇಷ್ಟೇ. ಇವತ್ತು ಶುಕ್ರವಾರ. ಆ ಪ್ರಶ್ನೆ ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಡಿಸೈನ್ ಮ್ಯಾಟ್ರಿಕ್ಸ್ ಅಂದರೆ ಒಂದೊಂದು ಚಿತ್ರಕ್ಕೆ ಒಂದು ಸಾಲು, ಒಂದೊಂದು ವಿವರಕ್ಕೆ ಒಂದು ಕಾಲಂ ಇರುವ ಪಟ್ಟಿ. ಅದನ್ನು ಕಟ್ಟುವುದು ಹೇಗೆ ಅಂತ ಅವಳಿಗೆ ತೋರಿಸಲು ನನ್ನದೇ ಮಾಡೆಲ್ ತೆರೆದಿದ್ದೆ. ನೆನಪಿನ ತೊಂದರೆ ಇರುವವರು 24, ಆರೋಗ್ಯವಾಗಿರುವವರು 24. ಒಬ್ಬೊಬ್ಬರ ಎಂಆರ್‌ಐಯಿಂದ ತೆಗೆದ ಒಂದೊಂದು ಗ್ರೇ ಮ್ಯಾಟರ್ (ನರಕೋಶಗಳು ತುಂಬಿರುವ ಮೆದುಳಿನ ಬೂದು ಭಾಗ) ಚಿತ್ರ. ಅಂದರೆ 48 ಚಿತ್ರ, 48 ಸಾಲು. ಮೊದಲ ಎರಡು ಕಾಲಂ ಗುಂಪಿಗೆ. ಆಮೇಲೆ ವಯಸ್ಸು, ಲಿಂಗ, ತಲೆಬುರುಡೆಯೊಳಗಿನ ಒಟ್ಟು ಗಾತ್ರ. ಒಂದೊಂದು ವೋಕ್ಸೆಲ್‌ನಲ್ಲೂ (ಚಿತ್ರದ ಒಂದೊಂದು ಪುಟ್ಟ ಘನ) ಇದೇ ಲೆಕ್ಕ ಮತ್ತೆ ಮತ್ತೆ ನಡೆಯುತ್ತದೆ, ಲಕ್ಷಗಟ್ಟಲೆ ಸಲ. ನಮ್ಮ ರೋಗಿಗಳ ಸರಾಸರಿ ವಯಸ್ಸು ಇನ್ನೊಂದು ಗುಂಪಿಗಿಂತ ಆರು ವರ್ಷ ಜಾಸ್ತಿ. ಅದಕ್ಕೇ ವಯಸ್ಸಿನ ಕಾಲಂ ಬೇಕೇ ಬೇಕು. ಇಲ್ಲದಿದ್ದರೆ ವಯಸ್ಸಿನಿಂದ ಆದ ಸವೆತವೂ ಕಾಯಿಲೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಗುಂಪುಗಳ ವ್ಯತ್ಯಾಸದ ನಕ್ಷೆ ತೋರಿಸಿದೆ. ರೋಗಿಗಳಲ್ಲಿ ಗ್ರೇ ಮ್ಯಾಟರ್ ಕಡಿಮೆ ಇರುವ ಕಡೆ ಕೆಂಪು. ನೆನಪಿಗೆ ಮುಖ್ಯವಾದ ಹಿಪ್ಪೋಕ್ಯಾಂಪಸ್‌ನ ಎರಡೂ ಬದಿ, ಟೆಂಪೊರಲ್ ಲೋಬ್, ಅಲ್ಲಿಂದಾಚೆಗೂ ಕೆಂಪು ಹರಡಿತ್ತು. ಮೂರು ವಾರದಿಂದ ನಾವೆಲ್ಲ ಸಂತೋಷದಿಂದ ನೋಡುತ್ತಿದ್ದ ನಕ್ಷೆ ಅದು. ಅವಳು ಸ್ವಲ್ಪ ಹೊತ್ತು ನೋಡಿ, "ವಯಸ್ಸಿನ ಕಾಂಟ್ರಾಸ್ಟ್ ನೋಡಬಹುದಾ?" ಅಂದಳು.

ವಯಸ್ಸಿಗೂ ಗ್ರೇ ಮ್ಯಾಟರಿಗೂ ಇರುವ ಸಂಬಂಧ ತೋರಿಸುವ ಆ ನಕ್ಷೆಯನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ವಯಸ್ಸು ನಮ್ಮ ಪ್ರಶ್ನೆ ಅಲ್ಲ, ಪಕ್ಕಕ್ಕೆ ಸರಿಸಬೇಕಾದ ವಿಷಯ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ತೆರೆದೆ. ಖಾಲಿ. ಒಂದು ಚುಕ್ಕೆಯೂ ಇಲ್ಲ.

"ವಯಸ್ಸಾಗ್ತಾ ಗ್ರೇ ಮ್ಯಾಟರ್ ಕಡಿಮೆ ಆಗುತ್ತೆ ಅಲ್ವಾ ಮೇಡಂ?"

ಆಗುತ್ತದೆ. ಈ ಕ್ಷೇತ್ರದಲ್ಲಿ ಇಷ್ಟು ಗಟ್ಟಿಯಾಗಿ ನಿಂತಿರುವ ಸಂಗತಿಗಳು ಕಡಿಮೆ. 465 ಆರೋಗ್ಯವಂತರ ಮೆದುಳಿನಲ್ಲಿ ಇದನ್ನು ವೋಕ್ಸೆಲ್ ವೋಕ್ಸೆಲ್ ಆಗಿ ತೋರಿಸಿದ ಅಧ್ಯಯನ 2001ರಲ್ಲೇ ಬಂದಿದೆ. ಆದರೂ ನಾನು, "ನಮ್ಮಲ್ಲಿ ಜನ ಕಡಿಮೆ, ಅದಕ್ಕೇ ಕಾಣ್ತಿಲ್ಲ" ಅಂದೆ. ಅವಳು ಒಪ್ಪಲಿಲ್ಲ, ವಾದವನ್ನೂ ಮಾಡಲಿಲ್ಲ. ಮ್ಯಾಟ್ರಿಕ್ಸ್‌ಗೆ ವಾಪಸ್ ಹೋಗಿ, ಒಂಬತ್ತನೇ ಸಾಲಿನ ಮೇಲೆ ಕರ್ಸರ್ ಇಟ್ಟು ಕೇಳಿದಳು. ಈ ಸಾಲು ಯಾರದು?

ಫೈಲ್ ಹೆಸರು ನೋಡಿದೆ. ರೋಗಿಗಳ ಗುಂಪಿನ 17ನೇ ನಂಬರಿನವರು. ಆ ಸಾಲಿನಲ್ಲಿದ್ದ ವಯಸ್ಸು 59. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

17ನೇಯವರು ನನಗೆ ಚೆನ್ನಾಗಿ ನೆನಪಿದ್ದಾರೆ. ಅವರಿಗೆ 74 ವರ್ಷ. ಸ್ಕ್ಯಾನರ್ ಒಳಗೆ ಹೋಗುವ ಮುಂಚೆ ನನ್ನ ಕೈ ಹಿಡಿದು, "ಎಷ್ಟು ಹೊತ್ತು ಅಲುಗಾಡಬಾರದು ಮಗಳೇ?" ಅಂತ ಮೂರು ಸಲ ಕೇಳಿದ್ದರು. ಮೂರು ಸಲವೂ ಹೇಳಿದ್ದೆ. ಅಷ್ಟು ಹೊತ್ತೂ ಕದಲದೇ ಮಲಗಿದ್ದರು. ನಮ್ಮ ಡೇಟಾದಲ್ಲಿ ಅಷ್ಟು ಸ್ವಚ್ಛವಾದ ಚಿತ್ರಗಳು ಕೆಲವೇ ಇವೆ. ಅಂಥ ಮೆದುಳಿಗೆ ನಾನು ಬೇರೆ ಯಾರದ್ದೋ ವಯಸ್ಸು ಅಂಟಿಸಿದ್ದೆ.

ಕಾರಣ ತೀರಾ ಸಣ್ಣದು. ಫೈಲ್‌ಗಳಿಗೆ 1, 2, 3 ಅಂತ ಹೆಸರಿಟ್ಟಿದ್ದೆವು. 01, 02 ಅಂತ ಇಟ್ಟಿರಲಿಲ್ಲ. ಕಂಪ್ಯೂಟರ್ ಅವನ್ನು ಅಕ್ಷರದ ಹಾಗೆ ಜೋಡಿಸಿತು: 1, 10, 11 ಅಂತ 19ರವರೆಗೆ, ಆಮೇಲೆ 2, ಮತ್ತೆ 20. ವಯಸ್ಸಿನ ಪಟ್ಟಿ ಮಾತ್ರ 1, 2, 3 ಅಂತ ನೆಟ್ಟಗೆ ಇತ್ತು. ಎರಡನ್ನೂ ಪಕ್ಕಪಕ್ಕ ಅಂಟಿಸಿದರೆ ಪ್ರತಿ ಗುಂಪಿನಲ್ಲೂ ಮೊದಲ ಸಾಲು ಒಂದೇ ಸರಿ. ಮೊದಲ ಸಾಲನ್ನು ನಾನು ಪರೀಕ್ಷಿಸಿದ್ದೆ. ಸರಿ ಇತ್ತು. ಉಳಿದ 46 ಜನರಿಗೆ ಬೇರೆಯವರ ವಯಸ್ಸು, ಬೇರೆಯವರ ಲಿಂಗ, ಬೇರೆಯವರ ತಲೆಯ ಗಾತ್ರ.

ಸಾಫ್ಟ್‌ವೇರ್ ಏನೂ ಹೇಳಲಿಲ್ಲ. ಹೇಳುವುದು ಹೇಗೆ? ಒಂದು ಕಾಲಂ ಇನ್ನೊಂದರ ನಕಲಾಗಿದ್ದರೆ, ಕೆಲವು ಕಾಲಂ ಸೇರಿಸಿದರೆ ಮತ್ತೊಂದು ಬರುವ ಹಾಗಿದ್ದರೆ ಅದು ಎಚ್ಚರಿಸುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. ಅದಕ್ಕೆ 59 ಒಂದು ಸಂಖ್ಯೆ, 74 ಇನ್ನೊಂದು ಸಂಖ್ಯೆ. ಯಾರದು ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿರಬೇಕಾದವಳು ನಾನು.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ವಯಸ್ಸುಗಳು ಅದಲುಬದಲಾಗಿದ್ದು ಗುಂಪಿನ ಒಳಗಡೆ ಮಾತ್ರ. ಹಾಗಾಗಿ ಪ್ರತಿ ಗುಂಪಿನ ಸರಾಸರಿ ಕರಾರುವಾಕ್ಕಾಗಿ ಸರಿ ಇತ್ತು. ಪ್ರಬಂಧದಲ್ಲಿ ಹಾಕುವ ಪಟ್ಟಿ ನೋಡಿದವರಿಗೆ ಒಂದಿಷ್ಟೂ ಅನುಮಾನ ಬರುತ್ತಿರಲಿಲ್ಲ. ಆದರೆ ವರ್ಷಕ್ಕೆ ಎಷ್ಟು ಗ್ರೇ ಮ್ಯಾಟರ್ ಇಳಿಯುತ್ತದೆ ಅನ್ನುವುದನ್ನು ಈ ಮಾಡೆಲ್ ಕಲಿಯುವುದು ಗುಂಪಿನ ಒಳಗಿನ ಏರಿಳಿತದಿಂದ. ಅದೇ ಕಲಸಿಹೋಗಿತ್ತು. ಇಳಿತ ಸೊನ್ನೆಯ ಹತ್ತಿರ ಬಂತು. ಆರು ವರ್ಷದ ಅಂತರ ಹಾಗೇ ಉಳಿದು, ಕೆಂಪಾಗಿ, ಕಾಯಿಲೆಯ ಹೆಸರಿನಲ್ಲಿ ನಕ್ಷೆಯ ಮೇಲೆ ಕೂತಿತು.

ಪರ್ಮ್ಯುಟೇಶನ್ ಪರೀಕ್ಷೆಯಲ್ಲಿ ನಾವು ಬೇಕೆಂದೇ ಹೀಗೆ ಅದಲುಬದಲು ಮಾಡುತ್ತೇವೆ. ಸಾಮಾನ್ಯವಾಗಿ 5000 ಸಲ. ಏನೂ ಸಂಬಂಧ ಇಲ್ಲದಿದ್ದಾಗ ನಕ್ಷೆ ಹೇಗೆ ಕಾಣುತ್ತದೆ ಅಂತ ತಿಳಿಯಲು. ನಮ್ಮ ವಯಸ್ಸಿನ ನಕ್ಷೆ ಅಂಥ ಒಂದು ನಕ್ಷೆಯೇ ಆಗಿತ್ತು. ಮೂರು ವಾರದಿಂದ ಅದು ಅದನ್ನೇ ಹೇಳುತ್ತಾ ಫೋಲ್ಡರ್‌ನಲ್ಲಿ ಬಿದ್ದಿತ್ತು.

ಆ ಮೂರು ವಾರ ನಾವು ಮಾಡಿದ್ದೇನು? ಥ್ರೆಶೋಲ್ಡ್ ಬಗ್ಗೆ, ಅಂದರೆ ಎಷ್ಟು ಬಲವಾದ ವ್ಯತ್ಯಾಸವನ್ನು ನಿಜ ಅಂತ ಒಪ್ಪಬೇಕು ಅನ್ನುವ ಗೆರೆಯ ಬಗ್ಗೆ, ಚರ್ಚೆ. ಎಕ್ಲುಂಡ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು 2016ರಲ್ಲಿ ಕ್ಲಸ್ಟರ್ (ಒಟ್ಟಿಗೆ ಬೆಳಗುವ ಅಕ್ಕಪಕ್ಕದ ವೋಕ್ಸೆಲ್ ಗುಂಪು) ಲೆಕ್ಕದಲ್ಲಿ ಸುಳ್ಳು ಫಲಿತಾಂಶ ಎಷ್ಟು ಸುಲಭವಾಗಿ ನುಸುಳುತ್ತದೆ ಅಂತ ತೋರಿಸಿದ ಮೇಲೆ ಎಲ್ಲರಿಗೂ ಆ ಭಯ ಇದೆ. ಇರಬೇಕು ಕೂಡ. ಆದರೆ ಥ್ರೆಶೋಲ್ಡ್ ಎಷ್ಟೇ ಬಿಗಿ ಮಾಡಿದರೂ ಸಾಲು ತಪ್ಪಿದ್ದು ಸಿಗುವುದಿಲ್ಲ.

ಬುಧವಾರ ಸರಿಪಡಿಸಿ ಮತ್ತೆ ಓಡಿಸಿದೆವು. ವಯಸ್ಸಿನ ನಕ್ಷೆ ಮೆದುಳಿನ ತುಂಬಾ ಬೆಳಗಿತು. ನಮ್ಮ ಕೆಂಪು ಹಿಪ್ಪೋಕ್ಯಾಂಪಸ್‌ನ ಸುತ್ತ ಒಂದಿಷ್ಟು ಉಳಿಯಿತು, ಅಷ್ಟೇ. ನಮ್ಮ ಹಿರಿಯರೊಬ್ಬರಿಗೆ ಹೇಳಿದಾಗ, "ಛೆ, ಚೆನ್ನಾಗಿ ಬಂದಿತ್ತಲ್ಲ" ಅಂದರು. ಅವರು ಕೆಟ್ಟವರಲ್ಲ. ನನಗೆ ಈ ಕೆಲಸ ಕಲಿಸಿದವರೇ ಅವರು. ಆದರೆ ಆ ಮಾತು ನನಗೆ ಬಹಳ ನೋವು ಮಾಡಿತು. ಚೆನ್ನಾಗಿ ಬಂದಿತ್ತು ಅಂದರೆ ಏನು? ಯಾರಿಗೆ ಚೆನ್ನಾಗಿ? 17ನೇಯವರಿಗಂತೂ ಅಲ್ಲ.

ಆ ಹುಡುಗಿಯನ್ನು ಯಾರೂ ಹೊಗಳಲಿಲ್ಲ. ಮೀಟಿಂಗ್‌ನಲ್ಲಿ ನಾನು ಅವಳ ಹೆಸರು ಹೇಳಿದೆ, ಎಲ್ಲರೂ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು. ಅವಳಿಗೆ ಅಂಕಿಅಂಶ ನನಗಿಂತ ಜಾಸ್ತಿ ಗೊತ್ತಿಲ್ಲ. ನಮಗೆ ಬೇಡವಾದ ನಕ್ಷೆಯನ್ನು ನೋಡಬೇಕು ಅಂತ ಅವಳಿಗೆ ಅನ್ನಿಸಿತು. ನನಗೆ ಅನ್ನಿಸಲಿಲ್ಲ.

ನಿನ್ನೆ ಮಧ್ಯಾಹ್ನ ಇಬ್ಬರೂ ಕೂತು 48 ಸಾಲನ್ನೂ ಮತ್ತೆ ನೋಡಿದೆವು. ಅವಳು ಫೈಲ್ ಹೆಸರು ಓದುತ್ತಿದ್ದಳು, ನಾನು ಮೂಲ ಫಾರಂ ತೆರೆದು ವಯಸ್ಸು ಹೇಳುತ್ತಿದ್ದೆ. "ಹದಿನೇಳು," ಅಂದಳು. ಫಾರಂ ಕೆಳಗೆ ನಡುಗುವ ಕೈಯ ಸಹಿ ಇತ್ತು. "ಎಪ್ಪತ್ತನಾಲ್ಕು," ಅಂದೆ. ಅವಳು ಪೆನ್ಸಿಲಿನಲ್ಲಿ ಗುರುತು ಹಾಕಿ, "ಹದಿನೆಂಟು" ಅಂದಳು.